ಶೋರೂಮಿನ ಪುಟ್ಟ ಕಾರುಗಳು

1950ರ ದಶಕದಲ್ಲಿ ಅಮೆರಿಕದ ಕಾರ್ ಡೀಲರುಗಳು ಹೊಸ ಮಾಡೆಲ್ ಬಂದಾಗ ಅದರ ಪುಟ್ಟ ಪ್ಲಾಸ್ಟಿಕ್ ಪ್ರತಿಯನ್ನೂ ಕೊಡುತ್ತಿದ್ದರು. ಅಸಲಿ ಕಾರಿನ 25ನೇ ಒಂದು ಭಾಗದ ಅಳತೆ, ಬಣ್ಣವೂ ಅದರದ್ದೇ. ನಾನು ಹುಡುಕಿ ಹುಡುಕಿ ಕೂಡಿಸುವುದು ಇವನ್ನೇ.

ಹಳೆಯವು ಅಸಿಟೇಟ್ ಪ್ಲಾಸ್ಟಿಕ್ಕಿನವು. ವರ್ಷ ಕಳೆದಂತೆ ಬಾಡಿ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಕ್ರೋಮ್ ಬಂಪರ್ ಮಾತ್ರ ನೆಟ್ಟಗೇ ಇರುತ್ತದೆ. ನೆಟ್ಟಗಿರುವುದಕ್ಕೇ ಬೆಲೆ ಜಾಸ್ತಿ. ನನಗೆ ಸೊಟ್ಟಗಿನದೂ ಇಷ್ಟ, ವಯಸ್ಸು ಕಾಣುತ್ತದಲ್ವಾ!

ಜೋ-ಹ್ಯಾನ್ ಅನ್ನುವ ಮಾಡೆಲ್ ಕಂಪನಿ ಮಾಡಿದ ಕ್ರೈಸ್ಲರ್ ಟರ್ಬೈನ್ ಕಾರಿನ ಪುಟ್ಟ ಪ್ರತಿ ನೋಡಿದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ. 1963-64ರಲ್ಲಿ ತಯಾರಾದ ಅಸಲಿ 55 ಕಾರುಗಳಲ್ಲಿ ಹೆಚ್ಚಿನವನ್ನು ಕ್ರೈಸ್ಲರ್ ಕಂಪನಿಯೇ ಜಜ್ಜಿ ಹಾಕಿಸಿತು. ಉಳಿದದ್ದು 9. ಜಾಹೀರಾತಿಗೆ ಅಂತ ಮಾಡಿದ ಆಟಿಕೆಗಳೇ ಈಗ ಜಾಸ್ತಿ ಇವೆ. ಯಾರ ಹತ್ತಿರವಾದರೂ ಆ ತಾಮ್ರದ ಬಣ್ಣದ್ದು ಇದ್ದರೆ ದಯವಿಟ್ಟು ಫೋಟೋ ಹಾಕಿ.