ಪ್ಯಾರಾ ಹುಲ್ಲು, ಅಲಸಂದೆ ಮತ್ತು ನಿಂತ ನೀರು: ಟಬ್ ಪ್ರಯೋಗ ಎಲ್ಲಿಗೆ ಬಂತು

ನೆರೆ ನೀರು ನಿಂತಾಗ ಮಣ್ಣಿನ ಸಾರಜನಕ ಗಾಳಿಗೆ ಹೋಗುವುದನ್ನು ಗಿಡಗಳು ತಡೆಯುತ್ತವಾ ಅಂತ ನೋಡಲು ಈ ವಾರ ನಾಲ್ಕು ಟಬ್‌ಗಳಿಗೆ ನೀರು ನಿಲ್ಲಿಸಿದ್ದೇನೆ. ಒಂದರಲ್ಲಿ ಬರೀ ಪ್ಯಾರಾ ಹುಲ್ಲು (ನೀರು ನಿಲ್ಲುವ ಜಾಗದಲ್ಲೂ ಬೆಳೆಯುವ ಮೇವಿನ ಹುಲ್ಲು), ಇನ್ನೊಂದರಲ್ಲಿ ಬರೀ ಅಲಸಂದೆ, ಮತ್ತೊಂದರಲ್ಲಿ ಎರಡೂ ಸೇರಿ, ಕೊನೆಯದರಲ್ಲಿ ಖಾಲಿ ಮಣ್ಣು. ಮಣ್ಣು, ಗೊಬ್ಬರ ಎಲ್ಲದಕ್ಕೂ ಒಂದೇ. ಮಣ್ಣಿನ ಮೇಲೆ ಎರಡು ಬೆರಳು ನೀರು ನಿಂತಿದೆ.

ನೀರು ಬಿಡುವ ಮೊದಲು ನೈಟ್ರೇಟ್ (ಗಿಡಗಳು ಮಣ್ಣಿನಿಂದ ಹೀರುವ ಒಂದು ರೂಪದ ಸಾರಜನಕ) ಎಷ್ಟಿದೆ ಅಂತ ನೋಡಿದ್ದೆ. ಒಂದು ಪಾಲು ಮಣ್ಣಿಗೆ ಐದು ಪಾಲು ಡಿಸ್ಟಿಲ್ಡ್ ವಾಟರ್ ಹಾಕಿ, ಕುಲುಕಿ, ಸೋಸಿ, ಅಕ್ವೇರಿಯಂ ಸ್ಟ್ರಿಪ್ (ನೈಟ್ರೇಟ್ ಹೆಚ್ಚಿದ್ದಷ್ಟೂ ಗುಲಾಬಿಯಾಗುವ ಪಟ್ಟಿ) ಅದ್ದಿದೆ. ಖಾಲಿ ಮಣ್ಣಿನದು ಗಾಢ ಗುಲಾಬಿ. ಅಲಸಂದೆಯದೂ ಹೆಚ್ಚು ಕಡಿಮೆ ಅಷ್ಟೇ. ಹುಲ್ಲಿದ್ದ ಎರಡು ಟಬ್‌ಗಳಲ್ಲಿ ಮಾತ್ರ ಬಣ್ಣ ಹತ್ತಿದ್ದೇ ಗೊತ್ತಾಗಲಿಲ್ಲ. ನನಗೆ ಇದೇ ಮುಖ್ಯ ಅನ್ನಿಸುತ್ತಿದೆ. ನೀರು ನಿಂತು ಮಣ್ಣಿನ ಆಮ್ಲಜನಕ ಮುಗಿದರೆ ಬ್ಯಾಕ್ಟೀರಿಯಾ ಉಸಿರಾಟಕ್ಕೆ ನೈಟ್ರೇಟ್ ಬಳಸುತ್ತವೆ. ಅದು ಕೊನೆಗೆ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ, ಆದರೆ ಒಂದಿಷ್ಟು ನಡುದಾರಿಯಲ್ಲೇ ನೈಟ್ರಸ್ ಆಕ್ಸೈಡ್ ಆಗಿ ತಪ್ಪಿಸಿಕೊಳ್ಳುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಶಾಖ ಹಿಡಿಯುವ ಅನಿಲ. ನೆರೆ ಬರುವ ಮೊದಲೇ ಹುಲ್ಲು ನೈಟ್ರೇಟ್ ಹೀರಿಕೊಂಡಿದ್ದರೆ ಅದಕ್ಕೆ ಸರಕೇ ಕಡಿಮೆ, ಅಲ್ವಾ?

ಈಗ ಎಲ್ಲಾ ಟಬ್‌ಗಳಲ್ಲೂ ಸ್ಟ್ರಿಪ್ ಬಿಳಿ. ಸುಮ್ನೆ ನೋಡಿದರೆ ವ್ಯತ್ಯಾಸವೇ ಇಲ್ಲ. ಆದರೆ ಹುಲ್ಲಿನ ಟಬ್‌ನ ಸಾರಜನಕ ಎಲೆಯಲ್ಲಿದೆ. ಖಾಲಿ ಟಬ್‌ನಲ್ಲಿ ಗಿಡವಿಲ್ಲ, ತಳಕ್ಕೆ ತೂತೂ ಇಲ್ಲ. ಅಲ್ಲಿ ಬಹುಪಾಲು ಗಾಳಿಗೇ ಹೋಗಿರಬೇಕು.

ನಿನ್ನೆ ಮಿಶ್ರ ಟಬ್‌ನಿಂದ ಒಂದೊಂದು ಗಿಡ ಕಿತ್ತು ಬೇರು ತೊಳೆದೆ. ಹುಲ್ಲಿನ ಬೇರಿನ ಸುತ್ತ ಕಿತ್ತಳೆ ಬಣ್ಣದ ತುಕ್ಕು, ಉಗುರಿನಿಂದ ಕೆರೆದರೆ ಪುಡಿಯಾಗಿ ಬರುತ್ತದೆ. ಕಾಂಡದೊಳಗಿನ ಗಾಳಿ ಬೇರಿನವರೆಗೆ ಇಳಿದು, ಹೊರಗೆ ಸೋರಿ, ಮಣ್ಣಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿದೆ. (ನೀರು ಜಾಸ್ತಿ ದಿನ ನಿಂತರೆ ಅದೇ ದಾರಿಯಲ್ಲಿ ಮೀಥೇನ್ ಮೇಲೆ ಬರುತ್ತದೆ, ಅದನ್ನೂ ಮರೆಯಬಾರದು.) ಅಲಸಂದೆಯ ಕೆಳಗಿನ ಎಲೆಗಳು ಹಳದಿಯಾಗಿವೆ. ಬೇರಿನ ಗಂಟು ಸೀಳಿದರೆ ಒಳಗೆ ಗುಲಾಬಿ ಇಲ್ಲ, ಬೂದುಹಸಿರು. ಅಂದರೆ ಗಂಟು ಗಾಳಿಯ ಸಾರಜನಕ ಹಿಡಿಯುವ ಕೆಲಸ ನಿಂತಿದೆ.

ಜರ್ಮನಿಯ ಯೇನಾದಲ್ಲಿ 2002ರಿಂದ, ಒಂದೇ ಜಾತಿಯ ಗಿಡ ಮತ್ತು ಹಲವು ಜಾತಿ ಬೆರೆಸಿದ ತಾಕುಗಳನ್ನು ಹೋಲಿಸುವ, ಹುಲ್ಲುಗಾವಲಿನ ದೊಡ್ಡ ಪ್ರಯೋಗ ನಡೆಯುತ್ತಿದೆ. 2013ರ ಜೂನ್‌ನಲ್ಲಿ ಜಾಲೆ ನದಿ ಉಕ್ಕಿ ಅದರ ತಾಕುಗಳು ಮುಳುಗಿದ್ದವು. ಈ ಟಬ್‌ಗಳ ಯೋಚನೆ ಬಂದದ್ದು ಅದನ್ನು ಓದಿಯೇ.

ಮುಂದಿನ ವಾರ ನೀರು ಬಸಿಯುತ್ತೇನೆ. ಕೊಳೆತ ಅಲಸಂದೆ ಬೇರಿನ ಸಾರಜನಕ ಗಾಳಿ ಸಿಕ್ಕ ಕೂಡಲೇ ಮತ್ತೆ ನೈಟ್ರೇಟ್ ಆಗಲು ಶುರುವಾಗುತ್ತದೆ, ನೈಟ್ರಸ್ ಆಕ್ಸೈಡ್ ಆಗಲೂ ಏರಬಹುದು. ಮಿಶ್ರ ಟಬ್‌ನ ಹುಲ್ಲು ಅದನ್ನು ಹೀರಿಕೊಳ್ಳುತ್ತದಾ ಅಂತ ದಿನಾ ಬೆಳಿಗ್ಗೆ ಸ್ಟ್ರಿಪ್ ಹಾಕಿ ನೋಡಬೇಕು.