ಟಕೋಮಾಗೆ ಸ್ಟೀಲ್ ಬಂಪರ್: ಆ 145 ಪೌಂಡ್ ಎಲ್ಲಿ ಹೋಗಿ ಕೂತಿತು

ಹೋದ ಆಗಸ್ಟ್‌ನಲ್ಲಿ ಯುರೇ ಊರಿನ ಕಡೆಯಿಂದ ಇಂಜಿನಿಯರ್ ಪಾಸ್ ಅನ್ನುವ ಕಣಿವೆ ದಾರಿ ಹತ್ತುವಾಗ ನನ್ನ ಟೊಯೋಟಾ ಟಕೋಮಾ ಪಿಕಪ್ಪಿನ ಮುಂದಿನ ಬಂಪರ್ ಹರಿಯಿತು. ಕೊಲರಾಡೋದ ಸ್ಯಾನ್ ವಾನ್ ಬೆಟ್ಟಗಳಲ್ಲಿ ಇರುವ ಈ ದಾರಿ ತುದಿಯಲ್ಲಿ ಸುಮಾರು 12,800 ಅಡಿ ಎತ್ತರ. ಮೇಲಕ್ಕೆ ಹೋದರೆ ದಾರಿ ಪರವಾಗಿಲ್ಲ. ಕಷ್ಟ ಇರುವುದು ಕೆಳಗೆ, ಹೈವೇ 550 ಬಿಟ್ಟ ಕೂಡಲೇ ಸಿಗುವ ಮಿನರಲ್ ಕ್ರೀಕ್ ಭಾಗದಲ್ಲಿ. ಅಲ್ಲಿ ಬಂಡೆಗಳು ಮೆಟ್ಟಿಲು ಮೆಟ್ಟಿಲಾಗಿ ಎದುರಾಗುತ್ತವೆ. ಒಂದು ಮೆಟ್ಟಿಲಿಗೆ ಮುಂದಿನ ಚಕ್ರ ತಾಗುವ ಮೊದಲೇ ಬಂಪರಿನ ಕೆಳತುಟಿ ತಾಗಿತು, ನಾನು ಹಿಂದಕ್ಕೆ ತೆಗೆದೆ, ಹಿಂದಕ್ಕೆ ಬರುವಾಗ ಬಂಡೆ ಅದನ್ನು ಹಿಡಿದುಕೊಂಡಿತು, ಬಲಗಡೆಯ ಕ್ಲಿಪ್ಪುಗಳೆಲ್ಲ ಪಟಪಟ ಅಂತ ಬಿಟ್ಟವು. ಜೊತೆಗಿದ್ದ ಗೆಳೆಯ ಹಗ್ಗದಲ್ಲಿ ಕಟ್ಟಿಕೊಟ್ಟ. ಹಾಗೇ ಲೇಕ್ ಸಿಟಿ ತನಕ ಹೋದೆವು.

ಮನೆಗೆ ಬಂದ ಮೇಲೆ ಎರಡು ದಾರಿ ಇತ್ತು. ಮತ್ತೆ ಅದೇ ಪ್ಲಾಸ್ಟಿಕ್ ಬಂಪರ್ ತಂದು ಹಾಕುವುದು, ಇಲ್ಲ ಅಂದರೆ ಸ್ಟೀಲಿಗೆ ಹೋಗುವುದು. ನಾನು ಸ್ಟೀಲಿಗೆ ಹೋದೆ. ಇದು ಸರಿಯಾದ ತೀರ್ಮಾನವೇ ಅಂತ ಈಗಲೂ ಅನ್ನಿಸುತ್ತದೆ. ಆದರೆ ಕೊಳ್ಳುವ ಮುಂಚೆ ನಾನು ಓದಿದ್ದೆಲ್ಲ ಅದರ ಗಟ್ಟಿತನದ ಬಗ್ಗೆ, ನೋಟದ ಬಗ್ಗೆ. ತೂಕದ ಬಗ್ಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಬೋಲ್ಟ್ ಬಿಗಿಯುವ ಕೆಲಸ ಒಂದೇ ದಿನದ್ದು. ತೂಕದ ಲೆಕ್ಕ ಸರಿ ಮಾಡಲು ನನಗೆ ಎರಡು ತಿಂಗಳು ಹಿಡಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಿಚ್ಚುವ ಕೆಲಸ. ನನ್ನದು 2019ರ ಗಾಡಿ, ಮೂರನೇ ತಲೆಮಾರಿನ ಟಕೋಮಾ. ಗ್ರಿಲ್ ಮೇಲಿನ ಬೋಲ್ಟು, ಕ್ಲಿಪ್ಪು ತೆಗೆದು ಎರಡು ಕೈಯಲ್ಲಿ ಹಿಡಿದು ಎದುರಿಗೆ ಎಳೆದರೆ ಗ್ರಿಲ್ ಬರುತ್ತದೆ. ಆದರೆ ಎಳೆದ ರಭಸಕ್ಕೆ ಪೂರ್ತಿ ಈಚೆ ತರಬೇಡಿ. 2018ರಿಂದ ಈಚೆಗಿನ ಗಾಡಿಗಳಲ್ಲಿ ಎದುರಿನ ಗಾಡಿಯನ್ನು ಗುರುತಿಸುವ ರೇಡಾರ್ ಇರುವುದು ಅಲ್ಲೇ, ಟೊಯೋಟಾ ಲಾಂಛನದ ಹಿಂದೆ. ಅದರ ವೈರ್ ಮೊದಲು ಬಿಡಿಸಬೇಕು. ಆಮೇಲೆ ಚಕ್ರದ ಕಮಾನಿನ ಒಳಗಿನ ಸ್ಕ್ರೂ, ಅಡಿಯ ಕ್ಲಿಪ್ಪು, ಫಾಗ್ ಲ್ಯಾಂಪ್ ವೈರು. ಪ್ಲಾಸ್ಟಿಕ್ ಕ್ಲಿಪ್ಪುಗಳು ಹಳತಾಗಿದ್ದರೆ ಅರ್ಧಕ್ಕರ್ಧ ಮುರಿಯುತ್ತವೆ. ಒಂದು ಪೊಟ್ಟಣ ಹೊಸದು ತಂದಿಟ್ಟುಕೊಳ್ಳಿ. ಬಿಚ್ಚಿದ ಬೋಲ್ಟುಗಳನ್ನು ನಾನು ಮೊಟ್ಟೆ ಟ್ರೇನಲ್ಲಿ ಬಿಚ್ಚಿದ ಸಾಲಿನಲ್ಲೇ ಇಟ್ಟೆ. ಇದು ಅಪ್ಪನಿಂದ ಕಲಿತದ್ದು.

ಪ್ಲಾಸ್ಟಿಕ್ ಹೋದ ಮೇಲೆ ಒಳಗೆ ಥರ್ಮೊಕೋಲಿನಂತಹ ಫೋಮ್ ಕಾಣುತ್ತದೆ, ಅದರ ಹಿಂದೆ ಚಾಸಿಯ ಎರಡು ತುದಿಗೆ ಅಡ್ಡಲಾಗಿ ಬೋಲ್ಟ್ ಮಾಡಿದ ಒಂದು ಪಟ್ಟಿ. ಗುದ್ದಿದಾಗ ನಿಜವಾಗಿ ಕೆಲಸ ಮಾಡುವುದು ಈ ಫೋಮು ಮತ್ತು ಪಟ್ಟಿ. ಅವು ನುಜ್ಜಾಗಿ ಏಟನ್ನು ತಾವು ನುಂಗಿಕೊಳ್ಳುತ್ತವೆ. ಅವನ್ನು ತೆಗೆದು ನಾವು ನುಜ್ಜಾಗದೇ ಇರುವ ಕಬ್ಬಿಣವನ್ನು ಇಡುತ್ತಿದ್ದೇವೆ. ಏಟು ನೇರವಾಗಿ ಚಾಸಿಗೆ ಹೋಗುತ್ತದೆ. ಬಂಡೆಗೆ, ಕಾಡಿನ ಮರಕ್ಕೆ ಇದು ಒಳ್ಳೆಯದು. ಇನ್ನೊಂದು ಕಾರಿಗೆ, ಅದಕ್ಕಿಂತ ಹೆಚ್ಚಾಗಿ ರಸ್ತೆ ದಾಟುವ ಮನುಷ್ಯನಿಗೆ, ಇದು ಒಳ್ಳೆಯದಲ್ಲ. ಈ ಮಾತನ್ನು ಮುಚ್ಚಿಡಬಾರದು. ಊರೊಳಗೆ ನಾನು ಈಗ ಮೊದಲಿಗಿಂತ ನಿಧಾನ ಓಡಿಸುತ್ತೇನೆ, ಮುಂದಿನ ಗಾಡಿಯಿಂದ ಜಾಸ್ತಿ ದೂರ ಇರುತ್ತೇನೆ.

ನಾನು ಆರಿಸಿದ್ದು ಮೇಲೆ ಕಮಾನಿನ ಪೈಪ್ ಇಲ್ಲದ ತಗ್ಗು ಬಂಪರ್. ಎರಡು ಕಾರಣ. ಪೈಪ್ ಎಂದರೆ ಇನ್ನಷ್ಟು ತೂಕ. ಎರಡನೆಯದು ಆ ರೇಡಾರ್. ಅದರ ಕಣ್ಣೆದುರಿಗೆ ಕಬ್ಬಿಣದ ಕೊಳವೆ ಬಂದರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಗೊಂದಲಕ್ಕೆ ಬೀಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹತ್ತಿಕೊಳ್ಳುತ್ತದೆ. ವಿಂಚ್ ಕೂಡ, ಅಂದರೆ ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ, ಅದಕ್ಕೆ ಅಡ್ಡ ಬರದಷ್ಟು ಕೆಳಗೆ ಕೂರಬೇಕು. ಅಂಗಡಿಯ ಚಿತ್ರ ನೋಡಿ ನಂಬಬೇಡಿ, ರೇಡಾರ್ ಇರುವ ಗಾಡಿಗೆ ಕೂರಿಸಿದ ಚಿತ್ರವೇ ಬೇಕು ಅಂತ ಕೇಳಿ.

ಬಂಪರ್ ಬಂತು. 118 ಪೌಂಡ್. ಪೆಟ್ಟಿಗೆ ಇಳಿಸಿಕೊಳ್ಳಲು ಇಬ್ಬರು ಬೇಕಾಯಿತು. ಬಿಚ್ಚಿ ನೋಡಿದರೆ ಬೋಲ್ಟು ಹೋಗುವ ಉದ್ದ ತೂತುಗಳ ಒಳಗೆಲ್ಲ ಪೌಡರ್ ಕೋಟಿಂಗ್ ದಪ್ಪಗೆ ಕೂತಿತ್ತು, ಒಂದೂ ಬೋಲ್ಟ್ ಸಲೀಸಾಗಿ ಹೋಗಲಿಲ್ಲ. ಮಾಡಿದವರಿಗೆ ಫೋನ್ ಮಾಡಿದೆ, ಉಜ್ಜಿಕೊಳ್ಳಿ ಅಂದರು. ಇಷ್ಟು ದುಡ್ಡು ಕೊಟ್ಟ ಮೇಲೆ ಇದು ಸರಿಯಲ್ಲ ಅಂತ ಅವರಿಗೂ ಹೇಳಿದೆ. ದುಂಡನೆಯ ಅರದಿಂದ ಒಂದೊಂದೇ ತೂತು ಉಜ್ಜಿ, ಬೆತ್ತಲಾದ ಕಬ್ಬಿಣಕ್ಕೆ ಸತುವಿನ ಪ್ರೈಮರ್ ಬಳಿದೆ. ಚಳಿಗಾಲದಲ್ಲಿ ಇಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಮೆಗ್ನೀಸಿಯಂ ಕ್ಲೋರೈಡ್ ಸುರಿಯುತ್ತಾರೆ, ಬಣ್ಣ ಹೋದ ಜಾಗ ಒಂದೇ ಚಳಿಗಾಲದಲ್ಲಿ ಕೆಂಪಾಗುತ್ತದೆ.

ನನ್ನ ಬಂಪರಿನಲ್ಲಿ ವಿಂಚನ್ನು ಗಾಡಿಗೆ ಏರಿಸುವ ಮೊದಲೇ ಒಳಗೆ ಕೂರಿಸಬೇಕು. ಆಮೇಲೆ ಕೈ ಹೋಗುವುದಿಲ್ಲ. ವಿಂಚ್ 9,500 ಪೌಂಡ್ ಎಳೆಯುವ ಶಕ್ತಿಯದು. ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಇರಬೇಕು ಅನ್ನುವುದು ರೂಢಿಯ ಲೆಕ್ಕ. ಸಾಮಾನು, ಡೀಸಲ್ ಸ್ಟವ್, ನೀರು, ಇಬ್ಬರು ಜನ ಎಲ್ಲ ಸೇರಿ ನನ್ನದು 6,000 ಪೌಂಡಿನ ಆಸುಪಾಸು, ಅಂದರೆ 9,000. ಡ್ರಮ್ಮಿನ ಮೇಲೆ ಹಗ್ಗದ ಒಂದೇ ಸುತ್ತು ಪದರ ಇರುವಾಗ ಮಾತ್ರ ಆ ಪೂರ್ತಿ ಶಕ್ತಿ ಸಿಗುತ್ತದೆ. ಪದರ ಹೆಚ್ಚಿದ ಹಾಗೆ ಎಳೆತ ಕಡಿಮೆ.

ವಿಂಚಿನ ಪಾದದಲ್ಲಿ ಚೌಕಾಕಾರದ ನಟ್ಟು ಕೂರುವ ಗೂಡುಗಳಿವೆ, ನಾಲ್ಕು. ಬೋಲ್ಟು ಅಡಿಯಿಂದ ಬರಬೇಕು. ಬೋಲ್ಟಿನ ತುದಿ ತಾಗಿದ ಕೂಡಲೇ ನಟ್ಟು ಜಾರಿ ಒಳಗೆಲ್ಲೋ ಬೀಳುತ್ತದೆ, ಬಂಪರನ್ನು ಮಗುಚಿ ಅಲ್ಲಾಡಿಸಬೇಕು, ಟಿಣ್ ಅಂತ ನೆಲಕ್ಕೆ ಬೀಳುತ್ತದೆ, ಮತ್ತೆ ಶುರು. ಮೂರನೇ ಸಲ ಬಿದ್ದಾಗ ನನ್ನ ಹೆಂಡತಿ ಬೆರಳ ತುದಿಯಲ್ಲಿ ಗ್ರೀಸ್ ತೆಗೆದುಕೊಂಡು ನಟ್ಟಿನ ಬೆನ್ನಿಗೆ ಸವರಿ ಗೂಡಿಗೆ ಅಂಟಿಸಿದಳು. ಅಂಟಿಕೊಂಡು ಕೂತಿತು. ಬೋಲ್ಟು ಮೊದಲ ಸುತ್ತಿಗೇ ಹಿಡಿಯಿತು. ಹಾಗೆಯೇ ವಿಂಚಿನ ಕ್ಲಚ್ ಹಿಡಿ (ಹಗ್ಗವನ್ನು ಕೈಯಲ್ಲಿ ಎಳೆಯಲು ಡ್ರಮ್ಮನ್ನು ಸಡಿಲ ಬಿಡುವುದು) ಯಾವ ಕಡೆ ತಿರುಗಿದೆ ನೋಡಿಕೊಳ್ಳಿ. ನನ್ನದರಲ್ಲಿ ಅದು ಬಂಪರಿನ ತಗಡಿಗೆ ಮುಖ ಮಾಡಿತ್ತು, ಗೇರ್‌ಬಾಕ್ಸಿನ ಬೋಲ್ಟು ಬಿಚ್ಚಿ, ಒಂದಿಷ್ಟು ತಿರುಗಿಸಿ ಮತ್ತೆ ಕೂರಿಸಬೇಕಾಯಿತು.

ಹಗ್ಗ ಸಿಂಥೆಟಿಕ್. ಸ್ಟೀಲ್ ಕೇಬಲ್ಲಿಗಿಂತ ತುಂಬ ಹಗುರ, ಕಿತ್ತರೆ ಚಾಟಿಯ ಹಾಗೆ ಹೊಡೆಯುವ ಭಯವೂ ಕಡಿಮೆ. ಇದಕ್ಕೆ ಎದುರಿಗೆ ನುಣುಪಾದ ಅಲ್ಯುಮಿನಿಯಂ ಫೇರ್‌ಲೀಡ್, ಅಂದರೆ ಹಗ್ಗ ಹೊರಬರುವ ಬಾಯಿ, ಹಾಕಬೇಕು. ಸ್ಟೀಲ್ ಕೇಬಲ್ ಉಜ್ಜಿ ಗೀರು ಬಿದ್ದ ಹಳೆಯ ರೋಲರ್ ಮೇಲೆ ಈ ಹಗ್ಗ ಓಡಿಸಿದರೆ ಎಳೆ ಎಳೆಯಾಗಿ ಹರಿಯುತ್ತದೆ. ಮೊದಲ ಸಲ ಸುತ್ತುವಾಗ ಸುಮ್ನೆ ಸುತ್ತಬೇಡಿ, ಸ್ವಲ್ಪ ಏರಿನಲ್ಲಿ ಗಾಡಿಯನ್ನೇ ಎಳೆಸುತ್ತಾ ಬಿಗಿಯಾಗಿ ಸುತ್ತಿ. ಸಡಿಲ ಸುತ್ತಿದ್ದರೆ ಭಾರ ಬಿದ್ದಾಗ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಕೊಳ್ಳುತ್ತದೆ.

ಇನ್ನು ಏರಿಸುವುದು. ಜಾಕಿನ ಮೇಲೆ ಹಲಗೆ, ಹಲಗೆಯ ಮೇಲೆ ಮಡಿಸಿದ ಕಂಬಳಿ, ಅದರ ಮೇಲೆ ಬಂಪರು. ಚಕ್ರದ ಮೇಲಿನ ತಗಡು, ಅಂದರೆ ಫೆಂಡರ್, ಅದರ ಅಂಚಿಗೆಲ್ಲ ಮೊದಲೇ ಟೇಪ್ ಅಂಟಿಸಿಡಿ, ಬಣ್ಣಕ್ಕೆ ಗೀರು ಬೀಳುವುದು ಈ ಹೊತ್ತಿನಲ್ಲೇ. ನಾವಿಬ್ಬರೂ ಎರಡು ಕಡೆ ನಿಂತು ಅಂಗುಲ ಅಂಗುಲವಾಗಿ ಎತ್ತಿದೆವು. ಎಲ್ಲ ಬೋಲ್ಟೂ ಬೆರಳಲ್ಲೇ ತಿರುಗಿಸಿ ಬಿಡಿ, ಒಂದನ್ನೂ ಬಿಗಿಯಬೇಡಿ. ನಾನು ಎಡಗಡೆಯದನ್ನು ಪೂರ್ತಿ ಬಿಗಿದುಬಿಟ್ಟೆ. ಬಲಗಡೆ ಬಂದು ನೋಡಿದರೆ ಬಂಪರಿಗೂ ಫೆಂಡರಿಗೂ ನಡುವೆ 20 ಮಿಲಿಮೀಟರ್ ಸಂದು, ಎಡಗಡೆ 12. ಮತ್ತೆ ಎಲ್ಲ ಸಡಿಲ ಮಾಡಿ, 15 ಮಿಲಿಮೀಟರ್ ದಪ್ಪದ ಮರದ ತುಂಡು ಎರಡು ಕತ್ತರಿಸಿ ಎರಡೂ ಸಂದಿಗೆ ಸಿಕ್ಕಿಸಿ, ಒಂದು ಕಡೆ ಎರಡು ವಾಷರ್ ಕೊಟ್ಟು, ಎಡಬಲ ಎಡಬಲ ಅಂತ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದೆ. ಆಗ ಸರಿಯಾಯಿತು. ಕೊನೆಯ ಬಿಗಿತಕ್ಕೆ ಬಿಗಿತವನ್ನು ಅಳೆಯುವ ಟಾರ್ಕ್ ಸ್ಪ್ಯಾನರ್ ಬೇಕೇ ಬೇಕು, ಕೈಯಂದಾಜು ಬೇಡ. ಈ ಬೋಲ್ಟುಗಳ ಮೇಲೆ ನಾಳೆ ಇಡೀ ಗಾಡಿ ನೇತಾಡಬಹುದು.

ಸಂಜೆ ಆರಕ್ಕೆ ಮುಗಿಯಿತು. ಹಿಂದೆ ನಿಂತು ನೋಡಿದಾಗ ಸಂತೋಷವಾಯಿತು, ಆದರೆ ಗಾಡಿಯ ಮೂಗು ಬಗ್ಗಿದ ಹಾಗೆ ಕಂಡಿತು. ಬೆಳಿಗ್ಗೆಯೇ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಗೋಡೆಯ ಮೇಲೆ ಬರೆದಿಟ್ಟಿದ್ದೆ. ಈಗ ಅಳೆದರೆ ಮುಕ್ಕಾಲು ಇಂಚಿಗೂ ಜಾಸ್ತಿ ಇಳಿದಿದೆ.

ಲೆಕ್ಕ ಹೀಗೆ. ಬಂಪರ್ 118, ಹಗ್ಗದ ಜೊತೆ ವಿಂಚ್ 62, ಒಟ್ಟು 180 ಪೌಂಡ್. ಬಿಚ್ಚಿದ ಸಾಮಾನನ್ನೆಲ್ಲ ತೂಕದ ಯಂತ್ರದ ಮೇಲಿಟ್ಟೆ, 35. ಅಂದರೆ ಹೆಚ್ಚಾದದ್ದು 145 ಪೌಂಡ್, ಸುಮಾರು 66 ಕೆಜಿ. ಒಬ್ಬ ಮನುಷ್ಯ ಕೂತಷ್ಟೇ ತಾನೆ ಅಂದುಕೊಂಡಿದ್ದೆ. ಆದರೆ ಒಳಗೆ ಕೂತ ಮನುಷ್ಯ ಎರಡು ಆಕ್ಸಲ್‌ಗಳ ನಡುವೆ ಕೂರುತ್ತಾನೆ, ಬಂಪರ್ ಕೂರುವುದು ಮುಂದಿನ ಆಕ್ಸಲ್‌ಗಿಂತ ಆಚೆ. ಏತದ ಮರದ ಹಾಗೆ. ನನ್ನ ಗಾಡಿಯ ವೀಲ್‌ಬೇಸ್, ಅಂದರೆ ಎರಡು ಆಕ್ಸಲ್‌ಗಳ ನಡುವಿನ ದೂರ, 127 ಇಂಚು ಚಿಲ್ಲರೆ, ಬಂಪರಿನ ತೂಕ ಮುಂದಿನ ಆಕ್ಸಲ್‌ನಿಂದ ಸುಮಾರು 36 ಇಂಚು ಆಚೆಗೆ ನೇತಾಡುತ್ತದೆ. ಲೆಕ್ಕ ಹಾಕಿದರೆ ಮುಂದಿನ ಚಕ್ರಗಳ ಮೇಲೆ ಬಿದ್ದದ್ದು 145 ಅಲ್ಲ, ಸುಮಾರು 185 ಪೌಂಡ್. ಹಿಂದಿನ ಚಕ್ರಗಳಿಂದ 40 ಪೌಂಡ್ ಎದ್ದುಹೋಯಿತು. ಪಿಕಪ್ ಗಾಡಿಯ ಹಿಂಭಾಗ ಖಾಲಿ ಇರುವಾಗ ಮೊದಲೇ ಹಗುರ, ಹಿಮದಲ್ಲಿ ಜಾರುತ್ತದೆ. ಈಗ ಇನ್ನಷ್ಟು.

ಪರಿಣಾಮ ಓಡಿಸುವಾಗ ಗೊತ್ತಾಯಿತು. ಬ್ರೇಕ್ ಹಾಕಿದರೆ ಮೂಗು ಮುಗ್ಗರಿಸುತ್ತದೆ, ಹೆಡ್‌ಲೈಟಿನ ಬೆಳಕು ಹತ್ತಿರದಲ್ಲೇ ಬೀಳುತ್ತದೆ. ಇಲ್ಲಿ ಮುಸ್ಸಂಜೆ ಹೊತ್ತಿಗೆ ಜಿಂಕೆ, ಎಲ್ಕ್ ರಸ್ತೆಗೆ ನುಗ್ಗುತ್ತವೆ, ಬೆಳಕು ಹತ್ತಿರ ಬಿದ್ದರೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಇನ್ನೊಂದು ವಿಷಯ, ಬಂಡೆ ತಾಗಬಾರದು ಅಂತ ಬಂಪರ್ ಹಾಕಿದ್ದು, ಮೂಗು ಮುಕ್ಕಾಲು ಇಂಚು ಇಳಿದರೆ ಗಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಹೋಯಿತು ಅಲ್ವಾ?

ಹಾಗಾಗಿ ಅಕ್ಟೋಬರ್‌ನಲ್ಲಿ ಮುಂದಿನ ಸ್ಪ್ರಿಂಗ್ ಬದಲಿಸಿದೆ, ಈ ತೂಕಕ್ಕೆ ಅಂತಲೇ ಮಾಡಿದ ಗಟ್ಟಿ ಸ್ಪ್ರಿಂಗ್. ಆಮೇಲೆ ವೀಲ್ ಅಲೈನ್‌ಮೆಂಟ್. ಆಮೇಲೆ ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ ಹೆಡ್‌ಲೈಟ್ ಸರಿ ಮಾಡಿದ್ದು. ರೇಡಾರ್ ನೇರ ಇದೆಯಾ ಅಂತ ಕೂಡ ನೋಡಿಸಿದೆ. ಕಟ್ಟಿದ ಹಣ ಬಂಪರಿನ ಅರ್ಧ ಬೆಲೆಯಷ್ಟಾಯಿತು. ನೀವು ಬಂಪರಿಗೆ ಅಂತ ದುಡ್ಡು ಎತ್ತಿಡುವಾಗ ಸ್ಪ್ರಿಂಗಿಗೂ ಸೇರಿಸಿ ಎತ್ತಿಡಿ. ಅಷ್ಟು ಆಗದಿದ್ದರೆ ಅಲ್ಯುಮಿನಿಯಂ ಬಂಪರ್ ನೋಡಿ, ಇಲ್ಲ ಅಂದರೆ ವಿಂಚನ್ನು ಒಂದು ವರ್ಷ ಮುಂದೂಡಿ.

ಫೋಟೋ ನೋಡಿ ಸಕಲೇಶಪುರದಿಂದ ತಮ್ಮ ಫೋನ್ ಮಾಡಿದ, ಅವನ ಥಾರ್‌ಗೂ ಇಂಥದ್ದೇ ಹಾಕಿಸಬೇಕಂತೆ. ನಮ್ಮ ಅಪ್ಪನ ಹಳೇ ಜೀಪಿನ ಮುಂದೆ ಆಂಗಲ್ ಕಬ್ಬಿಣದ ಗಾರ್ಡ್ ಇತ್ತು, ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಕಾಫಿ ತೋಟದ ದಾರಿಯಲ್ಲಿ ಎಷ್ಟು ಸಲ ಧರೆಗೆ ಗುದ್ದಿದ್ದೇವೋ. ತಮ್ಮನ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಬೇಡ ಅಂದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕಿದ ಗಾಡಿಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದು ಗಾಡಿಯನ್ನು ಮಾರ್ಪಾಡು ಮಾಡಿದಂತೆ. ದಂಡಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನಮ್ಮ ಊರಿನ ರಸ್ತೆಯಲ್ಲಿ ಜನ ನಡೆಯುತ್ತಾರೆ, ಸ್ಕೂಲ್ ಮಕ್ಕಳು ಅಂಚಿನಲ್ಲೇ ಹೋಗುತ್ತಾರೆ. ಗಾಡಿಯ ಅಡಿಗೆ ಕಲ್ಲು ತಾಗದ ಹಾಗೆ ಒಳ್ಳೆ ಸ್ಕಿಡ್ ಪ್ಲೇಟ್ ಹಾಕಿಸು, ಒಳ್ಳೆ ಟೈರ್ ಹಾಕಿಸು ಅಂದೆ. ಒಪ್ಪಿದ್ದಾನೆ.

ಮೊನ್ನೆಗೆ 500 ಮೈಲಿ ಆಯಿತು. ಗಾಡಿಯ ಅಡಿ ಮಲಗಿ ಎಲ್ಲ ಬೋಲ್ಟಿಗೂ ಮತ್ತೆ ಟಾರ್ಕ್ ಸ್ಪ್ಯಾನರ್ ಕೊಟ್ಟೆ. ಎಡಗಡೆಯ ಒಂದು ಬೋಲ್ಟ್ ಕಾಲು ಸುತ್ತು ತಿರುಗಿತು, ಅದೇ ನಾನು ಮೊದಲು ಬಿಗಿದು ಆಮೇಲೆ ಸಡಿಲ ಮಾಡಿದ್ದು. ಉಳಿದವು ಅಲುಗಲಿಲ್ಲ. ಎಲ್ಲದರ ತಲೆಗೂ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ, ಸರಿದರೆ ಬಗ್ಗಿ ನೋಡಿದ ಕೂಡಲೇ ಗೊತ್ತಾಗುತ್ತದೆ.