ಬೆರಳಿಲ್ಲದ ಪಾದಗಳು: ಕರ್ನಲ್ ‘ಬುಲ್’ ಕುಮಾರ್ ನೆನಪು

ಬೆಟ್ಟ ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ಕಾಲ್ಬೆರಳಿಗೆ ಕುತ್ತು. ಮೈಭಾರವೆಲ್ಲ ಬೂಟಿನ ಮುಂತುದಿಗೆ ಜಾರಿ ಉಗುರುಗಳು ಕಪ್ಪಾಗುತ್ತವೆ. ಒಂದು ಚಾರಣದಲ್ಲಿ ಹಾಗೆ ಎರಡು ಉಗುರು ಕಳೆದುಕೊಂಡು ತಿಂಗಳುಗಟ್ಟಲೆ ಕುಂಟಿದವನು ನಾನು. ಗೊಣಗಿದ್ದು ಅದಕ್ಕಿಂತ ಹೆಚ್ಚು. ಆದ್ದರಿಂದಲೇ ಇರಬೇಕು, ಕರ್ನಲ್ ನರೇಂದ್ರ ಕುಮಾರ್ ಎಂದೊಡನೆ ನನಗೆ ಮೊದಲು ನೆನಪಾಗುವುದು ಅವರ ಪದಕಗಳಲ್ಲ, ಪಾದಗಳು.

1933ರಲ್ಲಿ ರಾವಲ್ಪಿಂಡಿಯಲ್ಲಿ ಹುಟ್ಟಿದ ಅವರು ಕುಮಾವೂ ರೆಜಿಮೆಂಟಿನ ಅಧಿಕಾರಿ. ‘ಬುಲ್’ ಎಂಬ ಅಡ್ಡಹೆಸರು ಸೇನಾ ಅಕಾಡೆಮಿಯ ಬಾಕ್ಸಿಂಗ್ ಅಂಕಣದಲ್ಲಿ ಅಂಟಿಕೊಂಡದ್ದು. ಎದುರಾಳಿ, ಮುಂದೆ ಭೂಸೇನೆಯ ಮುಖ್ಯಸ್ಥರಾದ ಸುನೀತ್ ರಾಡ್ರಿಗಸ್. ಆ ಪಂದ್ಯದಲ್ಲಿ ಕುಮಾರ್ ಸೋತರು, ಆದರೆ ಪೆಟ್ಟು ತಿನ್ನುತ್ತಲೇ ಗೂಳಿಯಂತೆ ಮುನ್ನುಗ್ಗುತ್ತಿದ್ದರಂತೆ. 1960ರ ಎವರೆಸ್ಟ್ ಯಾತ್ರೆಯಲ್ಲಿ ಶಿಖರ ಇನ್ನು ಕೆಲವೇ ನೂರು ಅಡಿ ಎನ್ನುವಾಗ ಹಿಂದಿರುಗಬೇಕಾಯಿತು. ಮರುವರ್ಷ ನೀಲಕಂಠ ಶಿಖರದ ಯಾತ್ರೆಯಲ್ಲಿ ಹಿಮಗಡಿತಕ್ಕೆ ನಾಲ್ಕು ಕಾಲ್ಬೆರಳುಗಳು ಹೋದವು. ಅಲ್ಲಿಗೆ ಮುಗಿಯಬಹುದಾಗಿದ್ದ ಕಥೆ ನಿಜಕ್ಕೂ ಶುರುವಾದದ್ದೇ ಆಮೇಲೆ. 1965ರಲ್ಲಿ ಒಂಬತ್ತು ಮಂದಿ ಎವರೆಸ್ಟ್ ತುದಿ ಮುಟ್ಟಿದ ಭಾರತೀಯ ತಂಡಕ್ಕೆ ಅವರು ಉಪನಾಯಕರು. 1977ರಲ್ಲಿ ಕಾಂಚನಜುಂಗಾವನ್ನು ಈಶಾನ್ಯದ ಕಡಿದಾದ ಏಣಿನಿಂದ ಏರಿದ ಸೇನಾ ತಂಡಕ್ಕೆ ನಾಯಕರು.

ಆದರೂ ಅವರ ಬದುಕಿನ ದೊಡ್ಡ ನಡಿಗೆ ಯಾವ ಶಿಖರದ್ದೂ ಅಲ್ಲ. ಭಾರತ-ಪಾಕಿಸ್ತಾನಗಳ ನಡುವಿನ 1949ರ ಕರಾಚಿ ಒಪ್ಪಂದವು ಕಾಶ್ಮೀರದ ಕದನವಿರಾಮ ರೇಖೆಯನ್ನು ಎನ್‌ಜೆ 9842 ಎಂಬ ಬಿಂದುವಿನವರೆಗೆ ಎಳೆದು, ಅಲ್ಲಿಂದಾಚೆಗೆ ಉತ್ತರಕ್ಕೆ ಹಿಮನದಿಗಳತ್ತ ಎಂದಷ್ಟೇ ಬರೆದು ಕೈತೊಳೆದುಕೊಂಡಿತ್ತು. ಜರ್ಮನ್ ಸಾಹಸಿಯೊಬ್ಬ ತಂದಿದ್ದ ನಕ್ಷೆಯಲ್ಲಿ ಆ ಬಿಂದುವಿನಿಂದ ಕಾರಾಕೋರಂ ಕಣಿವೆದಾರಿಗೆ ಗೆರೆ ಎಳೆದಿದ್ದು, ಸಿಯಾಚಿನ್ ಅಷ್ಟೂ ಪಾಕಿಸ್ತಾನದ ಕಡೆ ಸೇರಿರುವುದನ್ನು ಕುಮಾರ್ ಗಮನಿಸಿದರು. ನಕ್ಷೆಯನ್ನು ನೂರಾರು ಜನ ನೋಡಿದ್ದಿರಬಹುದು. ಅದರಲ್ಲಿದ್ದ ನೆಲವನ್ನು ಕಾಲಿನಿಂದ ಅಳೆಯಲು ಹೊರಟವರು ಇವರು. 1978ರಲ್ಲಿ ತಂಡ ಕಟ್ಟಿಕೊಂಡು ಹಿಮನದಿಯನ್ನೇರಿದರು. 1981ರಲ್ಲಿ ಮತ್ತೆ ಹೋಗಿ, ಸುಮಾರು 76 ಕಿಲೋಮೀಟರ್ ಉದ್ದದ ಆ ಹಿಮರಾಶಿಯ ಮೇಲ್ತುದಿಯಲ್ಲಿರುವ ಕಣಿವೆದಾರಿ ಇಂದಿರಾ ಕೋಲ್ ತಲುಪಿದರು. (ಆ ಹೆಸರು ಪ್ರಧಾನಿಯವರದೆಂದು ಹಲವರು ತಿಳಿದಿದ್ದಾರೆ, ಅದು 1912ರಲ್ಲೇ ಲಕ್ಷ್ಮಿಯ ಹೆಸರಿನಿಂದ ಇಟ್ಟದ್ದು.) ಅವರು ತಂದ ವರದಿ, ಚಿತ್ರಗಳ ಬಲದ ಮೇಲೆಯೇ 1984ರ ಏಪ್ರಿಲ್ 13ರಂದು ಸೇನೆ ಸಿಯಾಚಿನ್ ಅನ್ನು ವಶಪಡಿಸಿಕೊಳ್ಳುವ ‘ಆಪರೇಷನ್ ಮೇಘದೂತ್’ ಆರಂಭಿಸಿತು. ಆ ಎತ್ತರದಲ್ಲಿ ಅಂದಿನಿಂದ ಎರಡೂ ಕಡೆಯ ಸೈನಿಕರನ್ನು ಗುಂಡಿಗಿಂತ ಹೆಚ್ಚಾಗಿ ಚಳಿ ಮತ್ತು ಹಿಮಕುಸಿತಗಳು ಬಲಿ ತೆಗೆದುಕೊಂಡಿವೆ ಎಂಬುದನ್ನು ಬಿಟ್ಟು ಈ ಸಾಹಸವನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ.

ತಂದೆಯಾಗಿ ಅವರು ಹೇಗಿದ್ದರೆಂದು ಹೊರಗಿನವನಾದ ನಾನು ಹೇಳುವುದು ತರವಲ್ಲ. ಕಣ್ಣಿಗೆ ಕಾಣುವುದಿಷ್ಟೇ: ಹಿಮ ತನ್ನ ಬೆರಳುಗಳನ್ನು ಕಿತ್ತುಕೊಂಡ ಮೇಲೆ ಆ ಮನುಷ್ಯ ಮಕ್ಕಳನ್ನು ಹಿಮದಿಂದ ದೂರ ಇಡಲಿಲ್ಲ. ಮಗಳು ಶೈಲಜಾ ಕುಮಾರ್ 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೀಯಿಂಗ್ ಸ್ಪರ್ಧೆಗೆ ಇಳಿದರು. ಆ ಕೂಟದಲ್ಲಿ ಭಾಗವಹಿಸಿದ ಮೊದಲ ಭಾರತೀಯ ಮಹಿಳೆ ಅವರೇ.

2020ರ ಡಿಸೆಂಬರ್ 31ರಂದು, 87ನೆಯ ವಯಸ್ಸಿನಲ್ಲಿ ಕರ್ನಲ್ ಕುಮಾರ್ ದೆಹಲಿಯಲ್ಲಿ ತೀರಿಕೊಂಡರು. ಸಿಯಾಚಿನ್ ಮೇಲಿನ ಸೇನಾ ನೆಲೆಯೊಂದಕ್ಕೆ ಅವರು ಬದುಕಿದ್ದಾಗಲೇ ‘ಕುಮಾರ್ ಬೇಸ್’ ಎಂದು ಹೆಸರಿಟ್ಟಿದ್ದರು. ಮೇಲಿನ ಠಾಣೆಗಳಿಗೆ ಹೋಗುವ ಹುಡುಗರು ಇಂದಿಗೂ ಆ ಹೆಸರಿನ ನೆಲೆಯನ್ನು ಹಾದು, ಎರಡೆರಡು ಜೊತೆ ಕಾಲುಚೀಲದೊಳಗೆ ಬೆರಳು ಆಡಿಸಿ ನೋಡಿಕೊಳ್ಳುತ್ತ ಮುಂದೆ ನಡೆಯುತ್ತಾರೆ.